ಗೋಡೆಯ ಮೇಲಿನ ರೋಶನ್ ಬೀ

ರೋಶನಕ್ಕನ ಕೈಯಲ್ಲಿ ಸೈಕಲ್ ಕಡ್ಡಿ ಇಲ್ಲದೆ ನಾನು ನೋಡಿದ್ದೇ ಕಮ್ಮಿ. ಹಳೇ ಚಕ್ರದ ಕಡ್ಡಿಗಳನ್ನ ಒಂದೇ ಉದ್ದಕ್ಕೆ ಕತ್ತರಿಸಿ, ತುದಿಯನ್ನ ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿ, ಅದರಲ್ಲೇ ಉಲ್ಲನ್ ಹೆಣೆಯೋಳು. ಮಕ್ಕಳ ಟೋಪಿ, ಸ್ವೆಟರ್, ಕಾಲುಚೀಲ. ಒಲೆ ಮೇಲೆ ಅನ್ನ ಕುದೀತಿದ್ರೂ ಕೈ ಮಾತ್ರ ಆಡ್ತಾನೇ ಇರೋದು. ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಸಂದಿಯಲ್ಲಿ ನಮ್ಮ ಮನೆ ಅವಳ ಮನೆ ಎರಡಕ್ಕೂ ಒಂದೇ ಗೋಡೆ. ನಾನು ಶಾಮಲಾ, ಹಪ್ಪಳ ಸಂಡಿಗೆ ಮಾಡಿ ಮಾರೋಳು. ಗಂಡ ಸತ್ತು ಎಷ್ಟೋ ಕಾಲವಾಯ್ತು. ನನ್ನ ಬಾಯಿ ಸರಿಯಿಲ್ಲ ಅಂತ ಸಂದಿಗೆಲ್ಲ ಗೊತ್ತು. ಗೊತ್ತಿರಲಿ ಬಿಡಿ. ರೋಶನಕ್ಕನ ವಿಷಯ ಹೇಳೋದಕ್ಕೆ ಸರಿಯಿಲ್ಲದ ಬಾಯೇ ಬೇಕು.

ಅವಳ ಗಂಡ ಅಬ್ಬಾಸ್ ಅಲಿ ಲಾರಿ ಡ್ರೈವರು. ತೀರ್ಥಹಳ್ಳಿ ಕಡೆಯಿಂದ ಮರದ ದಿಮ್ಮಿ ತಂದು ಭದ್ರಾವತಿಗೆ ಇಳಿಸೋ ಕೆಲಸ. ನಗುಮುಖದ ಮನುಷ್ಯ. ಮನೆಗೆ ಬಂದ ಕೂಡಲೇ ಹೆಂಡತಿಯನ್ನ ರೇಗಿಸದಿದ್ರೆ ಅವನಿಗೆ ಊಟ ಸೇರ್ತಿರಲಿಲ್ಲ. "ಏನ್ ಮಾರಾಯ್ತಿ, ಊರಿಗೆಲ್ಲ ಹೆಣೆದು ಆಯ್ತಲ್ಲ, ನನ್ನ ಲಾರಿಗೊಂದು ಸ್ವೆಟರ್ ಹಾಕಿಬಿಡು. ಆಗುಂಬೆ ಚಳಿಗೆ ಪಾಪ ನಡುಗುತ್ತೆ" ಅನ್ನೋನು. ಅವಳು ಕಡ್ಡಿ ಎತ್ತಿ ಚುಚ್ಚೋ ಹಾಗೆ ಮಾಡೋಳು. ಒಬ್ಬಳೇ ಮಗಳು ಹಾಜರಾ ಇಬ್ಬರ ನಡುವೆ ಕೂತು ಕಿಲಕಿಲ ನಗೋಳು. ಆ ನಗು ಗೋಡೆ ದಾಟಿ ನಮ್ಮನೇಗೂ ಬರೋದು. ಸುಳ್ಳು ಯಾಕೆ ಹೇಳ್ಲಿ, ನನಗೆ ಹೊಟ್ಟೆಕಿಚ್ಚೂ ಆಗ್ತಿತ್ತು.

ಅರವತ್ಮೂರನೇ ಇಸವಿ ಇರಬೇಕು. ಯಾವುದೋ ಹೊರದೇಶದವರು ನಮ್ಮ ಬಡ ಹೆಂಗಸರು ಮನೆಯಲ್ಲೇ ಕೂತು ದುಡೀಲಿ ಅಂತ ಮಿಷನ್ ಕಳಿಸ್ತಿದ್ದಾರೆ ಅನ್ನೋ ಸುದ್ದಿ ಬಂತು. ಸುದ್ದಿ ತಂದೋರು ಶ್ರೀನಿವಾಸಮೂರ್ತಿ ಅನ್ನೋ ಆಫೀಸರು. ಮೆತ್ತನೆ ಮಾತಿನ, ಕನ್ನಡಕದ ಮನುಷ್ಯ. ಮೊದಲು ಭದ್ರಾವತಿಯ ನ್ಯೂ ಟೌನಿನಲ್ಲಿ ತರಬೇತಿ. ಚೆನ್ನಾಗಿ ಕಲಿತವರಿಗೆ ಒಂದೊಂದು ಕಾಲುಚೀಲ ಹೆಣೆಯೋ ಮಿಷನ್. ದುಡ್ಡು ಕಾಸು ಏನೂ ಕೊಡಬೇಕಾಗಿಲ್ಲ. ಆದರೆ ಒಂದು ಕಟ್ಟುನಿಟ್ಟು. ಯಾರ ಹೆಸರಿಗೆ ಮಿಷನ್ ಬಂತೋ ಅವಳೇ ಕೂತು ಕೆಲಸ ಮಾಡ್ಬೇಕು. ಮಾರೋ ಹಾಗಿಲ್ಲ, ಎರವಲು ಕೊಡೋ ಹಾಗಿಲ್ಲ. ಆ ದೇಶದವರು ಬಂದು ನೋಡ್ತಾರೆ. ಒಂದು ವರ್ಷ ಹಾಗೆ ನಡೆದ್ರೆ ಮಿಷನ್ ಅವಳದ್ದೇ.

ರೋಶನಕ್ಕ ಬುರ್ಖಾ ಹಾಕ್ಕೊಂಡು ರೈಲು ಹತ್ತಿದಳು. ಒಬ್ಬಳೇ ಹೋಗೋದು ಬೇಡ ಅಂತ ಸಂದಿಯ ಕೊನೇ ಮನೆ ಸರಸ್ವತಿಯೂ ಜೊತೆಗೆ ಹೊರಟಳು. ಸರಸ್ವತಿಯ ಗಂಡ ತ್ರಿವಿಕ್ರಮ ಸರ್ಕಾರಿ ಗುಮಾಸ್ತ. ಮೇಲಿನವರು ಕೆಮ್ಮಿದರೆ ಇವನಿಗೆ ಜ್ವರ ಬರೋದು. ಸರಸ್ವತಿ ಒಳ್ಳೆಯವಳೇ, ಅಂಜುಬುರುಕಿ. ಇಬ್ಬರೂ ದಿನಾ ಬುತ್ತಿ ಕಟ್ಟಿಕೊಂಡು ಹೋಗಿ ಸಂಜೆ ರೈಲಿಗೆ ಬರೋರು. ಬಂದವರೇ ನಮ್ಮ ಜಗಲಿ ಮೇಲೆ ಕೂತು, ಪಾಠ ಹೇಳೋ ಮದರಾಸಿನ ಟೀಚರಮ್ಮನ ಹಾಗೆ ಮಾತಾಡಿ ತೋರಿಸಿ ಹೊಟ್ಟೆ ಹುಣ್ಣಾಗೋ ಹಾಗೆ ನಗೋರು.

ಆ ಮಿಷನ್ನು ಮೇಜಿನ ಅಂಚಿಗೆ ಬಿಗಿಯೋದು, ಒಂದು ಚೊಂಬಿನಷ್ಟು ಗಾತ್ರ. ಸುತ್ತಲೂ ಸೂಜಿ. ಹಿಡಿ ತಿರುಗಿಸ್ತಾ ಹೋದ್ರೆ ಕಾಲುಚೀಲ ಕೆಳಗಡೆ ಇಳೀತಾ ಬರುತ್ತೆ. ಅಲ್ಲಿವರೆಗೆ ಯಾರು ಬೇಕಾದ್ರೂ ಮಾಡಬಹುದು. ಹಿಮ್ಮಡಿ ಬಂತೋ, ಆಗ ಕಷ್ಟ. ಪೂರ್ತಿ ತಿರುಗಿಸೋ ಹಾಗಿಲ್ಲ. ಹಿಂದಕ್ಕೂ ಮುಂದಕ್ಕೂ ಆಡಿಸ್ತಾ, ಒಂದೊಂದೇ ಸೂಜಿ ಎತ್ತಿ, ಮತ್ತೆ ಒಂದೊಂದೇ ಇಳಿಸಬೇಕು. ಸರಸ್ವತಿಗೆ ಅದು ಕೊನೇವರೆಗೂ ಹತ್ತಲಿಲ್ಲ. ಅವಳು ಹೆಣೆದದ್ದು ಹಿಮ್ಮಡಿ ಇಲ್ಲದ ಚೀಲ. "ನನ್ನ ಕಾಲುಚೀಲ ಆನೆ ಸೊಂಡಿಲಿಗೆ ಸರಿ" ಅಂತ ಅವಳೇ ನಗೋಳು. ತರಬೇತಿ ಮುಗಿದಾಗ ಮಿಷನ್ ಸಿಗೋರ ಪಟ್ಟಿಯಲ್ಲಿ ರೋಶನಕ್ಕನ ಹೆಸರಿತ್ತು, ಸರಸ್ವತಿಯದ್ದು ಇರಲಿಲ್ಲ. ಸರಸ್ವತಿಗೆ ಅದಕ್ಕೆ ಬೇಜಾರೂ ಆಗಲಿಲ್ಲ.

ಮಿಷನ್ ಹಡಗಿನಲ್ಲಿ ಬರೋದು ತಡವಾಯ್ತು. ಅದು ಬರೋ ಮೊದಲೇ ಅಬ್ಬಾಸ್ ಅಲಿ ಹೋಗಿಬಿಟ್ಟ. ಗಾಜನೂರು ದಾಟಿದ ಮೇಲೆ ತಿರುವಿನಲ್ಲಿ ದಿಮ್ಮಿ ಕಟ್ಟಿದ ಸರಪಳಿ ಕಿತ್ತು ಲಾರಿ ಮಗುಚಿಕೊಂಡಿತಂತೆ. ಮನೆಗೆ ತಂದಾಗ ಮುಖ ಒಂದು ಚೆನ್ನಾಗಿತ್ತು. ಈಗ ಎದ್ದು ಏನಾದ್ರೂ ತಮಾಷೆ ಮಾಡ್ತಾನೋ ಅನ್ನೋ ಹಾಗೆ. ರೋಶನಕ್ಕ ಅಳಲೇ ಇಲ್ಲ. ಅವನು ಯಾವಾಗಲೂ ಕೂರ್ತಿದ್ದ ಮಣೆಯನ್ನ ಗೋಡೆಗೆ ಒರಗಿಸಿಟ್ಟು ಅದನ್ನೇ ನೋಡ್ತಾ ಕೂತಳು. ಅಯ್ಯೋ, ಆ ಮುಖ ನನಗೆ ಯಾವತ್ತೂ ಮರೆಯೋದಿಲ್ಲ.

ಅವರಲ್ಲಿ ಗಂಡ ಸತ್ತರೆ ಹೆಂಡತಿ ಇದ್ದತ್ ಕೂರಬೇಕು. ನಾಲ್ಕು ತಿಂಗಳು ಹತ್ತು ದಿನ ಮನೆ ಹೊಸಿಲು ದಾಟೋ ಹಾಗಿಲ್ಲ, ಪರ ಗಂಡಸರ ಎದುರು ಬರೋ ಹಾಗಿಲ್ಲ. ಯಾರೂ ಅವಳನ್ನ ಬಲವಂತ ಮಾಡಬೇಕಾಗಿರಲಿಲ್ಲ. "ಶಾಮಲಾ, ನನ್ನ ಯಜಮಾನ್ರಿಗೆ ಇನ್ನು ನಾನು ಮಾಡೋದು ಇದೊಂದೇ ಉಳಿದಿರೋದು. ಸರಿಯಾಗಿ ಮಾಡ್ತೀನಿ" ಅಂದಳು.

ಅಬ್ಬಾಸನ ಅಣ್ಣ ಹುಸೇನ್ ಸಾಹೇಬ್ರು ಬಿ.ಹೆಚ್. ರಸ್ತೆಯಲ್ಲಿ ಲಾರಿ ರಿಪೇರಿ ಅಂಗಡಿ ಇಟ್ಟಿದ್ದೋರು. ಒರಟು ಮಾತು, ಕೆಟ್ಟ ಮನಸ್ಸಿನವರಲ್ಲ. ಒಂದು ದಿನ ಬಂದು ಪರದೆಯ ಆಚೆ ನಿಂತು ಮಾತಾಡಿದ್ರು. ನಾನು ಒಳಗೆ ಹಾಜರಾಳ ತಲೆ ಬಾಚ್ತಿದ್ದೆ.

"ರೋಶನ್, ಇದ್ದತ್ ಮುಗಿದ ಮೇಲೆ ನೀನು ಭದ್ರಾವತಿಗೆ ನಿನ್ನ ಅಣ್ಣನ ಮನೆಗೆ ಹೋಗು. ಹಾಜರಾ ನಮ್ಮನೇಲಿರ್ತಾಳೆ. ನನ್ನ ತಮ್ಮನ ಕೂಸು ಇನ್ನೊಬ್ಬರ ಅನ್ನ ತಿಂದು ಬೆಳೆಯೋದು ಬೇಡ."

"ಹಾಜರಾ ನನ್ನ ಹತ್ರಾನೇ ಇರ್ತಾಳೆ ಭಾವ."

"ಏನು ಹಾಕಿ ಸಾಕ್ತೀಯಾ? ಉಲ್ಲನ್ ಬೇಯಿಸಿ ಹಾಕ್ತೀಯಾ?"

"ಮಿಷನ್ ಬರುತ್ತೆ. ದುಡೀತೀನಿ."

ಪರದೆ ಆಚೆಯಿಂದ ಹೇಳಿದ್ರು: "ಸರಿ. ನಿನ್ನ ಮನೇಲಿ ನೀನು ಕೂತು ದುಡಿದು ಮಗಳನ್ನ ಸಾಕೋ ಹಾಗಿದ್ರೆ ನನ್ನ ಅಡ್ಡಿಯಿಲ್ಲ. ಆದ್ರೆ ಅಬ್ಬಾಸನ ಹೆಂಡತಿ ಇನ್ನೊಬ್ಬರ ಮನೆ ಬಾಗಿಲಿಗೆ ಕೂಲಿಗೆ ಹೋಗೋದನ್ನ ನಾನು ನೋಡಲಾರೆ. ಹಾಗಾಯ್ತು ಅಂದ್ರೆ ಅವತ್ತೇ ಮಗು ನಮ್ಮನೆಗೆ."

ಹಾಜರಾ ನನ್ನ ಕೈ ಬಿಡಿಸಿಕೊಂಡು ಓಡಿಹೋಗಿ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡಳು. ಅವತ್ತಿಂದ ಆ ಮನೆಯಲ್ಲಿ ಮಿಷನ್ ಅಂದ್ರೆ ಹಾಜರಾ, ಹಾಜರಾ ಅಂದ್ರೆ ಮಿಷನ್. ಬೇರೆ ಮಾತೇ ಇಲ್ಲ.

ಮಿಷನ್ ಬಂತು. ಬಂದದ್ದು ಇದ್ದತ್ ನಡುವೆ. ಶ್ರೀನಿವಾಸಮೂರ್ತಿಗಳು ನಮ್ಮ ಜಗಲಿ ಮೇಲೆ ಕೂತು ಬೆವರು ಒರೆಸಿಕೊಂಡ್ರು. ಭದ್ರಾವತಿಯಲ್ಲಿ ಸಮಾರಂಭ, ಕಳಿಸಿದ ದೇಶದ ದಂಪತಿಗಳೇ ಬಂದು ಒಬ್ಬೊಬ್ಬರ ಹೆಸರು ಕರೆದು ಕೈಯಾರೆ ಕೊಡ್ತಾರೆ. ಫೋಟೋ ತೆಗೀತಾರೆ. ಬರದವರ ಮಿಷನ್ ಕಾಯ್ತಾ ಇರೋ ಮುಂದಿನ ಹೆಂಗಸಿಗೆ.

"ಅವಳ ಗಂಡ ಸತ್ತಿದ್ದಾನೆ ಅಂತ ಹೇಳೋದಕ್ಕೆ ನಿಮಗೇನು ಕಷ್ಟ?" ಅಂದೆ.

"ಹೇಳಿದೆ ಅಮ್ಮ. ಹಾಗಿದ್ರೆ ಅವಳೇ ಖಂಡಿತ ಬರಬೇಕು, ವಿಧವೆಗೆ ಕೊಡೋದೇ ನಮಗೆ ಮುಖ್ಯ ಅಂದ್ರು. ಇದ್ದತ್ ಅಂದ್ರೆ ಅವರಿಗೆ ಅರ್ಥವಾಗಲಿಲ್ಲ." ಆಮೇಲೆ ದನಿ ತಗ್ಗಿಸಿ, "ಹೆಸರು ಕರೆದಾಗ ಯಾರಾದ್ರೂ ಒಬ್ಬರು ಎದ್ದು ಬಂದ್ರೆ ಸಾಕು. ಅವರು ಯಾರ ಮುಖಾನೂ ನೋಡಿಲ್ಲ. ಒಂದು ಗಳಿಗೆ ಕೆಲಸ" ಅಂದ್ರು.

"ನಾನು ಹೋಗ್ತೀನಿ" ಅಂದೆ. ಅವರು ನನ್ನ ಬೋಳು ಹಣೆ ನೋಡಿದ್ರು, ನೆಲ ನೋಡಿದ್ರು. "ಹಾಗಲ್ಲಮ್ಮ... ದೀಪ ಹಚ್ಚಿ ಶುರುಮಾಡೋ ಸಮಾರಂಭ. ಮುತ್ತೈದೆ ಯಾರಾದ್ರೂ ಆಗಿದ್ರೆ..." ಕೇಳಿದ್ರಾ? ವಿಧವೆಗೆ ಕೊಡೋ ಮಿಷನ್ನು, ತಗೊಳ್ಳೋದಕ್ಕೆ ಮುತ್ತೈದೆ ಬೇಕು! ನನಗೆ ಮೈ ಉರಿದುಹೋಯ್ತು. ನನ್ನ ಹಣೆ ಒರೆಸಿದ್ದು ನಾನಲ್ಲ ಸ್ವಾಮಿ, ನಿಮ್ಮಂಥವರೇ ಅಂತ ಅನ್ನಬೇಕು ಅನ್ನಿಸ್ತು. ಗೋಡೆ ಆಚೆ ಕೂತಿದ್ದ ರೋಶನಕ್ಕನ್ನ ನೆನೆದು ನುಂಗಿಕೊಂಡೆ.

ಕೊನೆಗೆ ಸರಸ್ವತಿ ಒಪ್ಪಿಕೊಂಡಳು. ರೋಶನಕ್ಕ ಅವಳ ಕೈ ಹಿಡಿದು ಕೇಳಿದಳು, "ಸುಳ್ಳು ಹೇಳಿದ ಹಾಗೆ ಆಗಲ್ವಾ ಸರಸೂ?"

"ಸುಳ್ಳೇನು ಬಂತು ರೋಶನಕ್ಕ? ನಿನ್ನ ಕೈ ಬದಲು ನನ್ನ ಕೈ ಚಾಚ್ತೀನಿ, ಅಷ್ಟೇ. ಇಸ್ಕೊಂಡು ನಿನ್ನ ಮಡಿಲಿಗೆ ಹಾಕ್ತೀನಿ."

ಸಮಾರಂಭದ ದಿನ ಶ್ರೀನಿವಾಸಮೂರ್ತಿಗಳಿಗೆ ಕೊನೇ ಗಳಿಗೆಯಲ್ಲಿ ಹೊಳೀತಂತೆ, ರೋಶನ್ ಬೀ ಹಣೆ ಮೇಲೆ ಕುಂಕುಮ ಇರಬಾರದಲ್ಲ ಅಂತ. ಒರೆಸಿಕೊಳ್ಳಿ ಅಂದ್ರಂತೆ. "ನನ್ನ ಗಂಡ ಬದುಕಿರುವಾಗ ಹಣೆ ಒರೆಸಿಕೊಳ್ಳಲಾ? ನನ್ನ ಪ್ರಾಣ ಹೋದ್ರೂ ಆಗಲ್ಲ" ಅಂದಳಂತೆ ಸರಸ್ವತಿ. ಅವಳು ಜನ್ಮದಲ್ಲಿ ಗಟ್ಟಿಯಾಗಿ ಮಾತಾಡಿದ್ದು ಅದೊಂದೇ ಸಲ. ಕುಂಕುಮ ಉಳೀತು, ತಲೆ ಮೇಲೆ ಸೆರಗು ಬಂತು. ರೋಶನ್ ಬೀ ಅಂತ ಕರೆದ್ರು, ಇವಳು ಎದ್ದಳು. ಆ ದೇಶದ ಹೆಂಗಸು ಇವಳನ್ನ ತಬ್ಬಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳಂತೆ. ಇವಳೂ ಹೆದರಿ ಅತ್ತಳಂತೆ. ಅದೇ ಹೊತ್ತಿಗೆ ಫೋಟೋ ತೆಗೆದದ್ದು.

ಸಂಜೆ ಜಟಕಾದಲ್ಲಿ ಮಿಷನ್ ಬಂತು. ಹುಸೇನ್ ಸಾಹೇಬ್ರೇ ಒಂದು ಗಟ್ಟಿ ಮೇಜು ಕಳಿಸಿಕೊಟ್ರು. ಮಾರನೇ ಬೆಳಿಗ್ಗೆಯಿಂದ ನಮ್ಮ ಗೋಡೆ ಆಚೆ ಕಟಕಟ ಕಟಕಟ. ಮೊದಲನೇ ಜೊತೆ ಹಾಜರಾಗೇ: ಬಿಳಿ ಕಾಲುಚೀಲ, ಮೇಲ್ಗಡೆ ನೀಲಿ ಪಟ್ಟೆ. ಹಾಜರಾ ಅದನ್ನ ಹಾಕ್ಕೊಂಡು ಸಂದಿ ತುಂಬ ಕುಣಿದಳು, ಬೂಟಿಲ್ಲದೆ, ಬರೀ ಚೀಲದಲ್ಲಿ. ಅಬ್ಬಾಸ್ ಸತ್ತ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಅವತ್ತು. ಸ್ವಲ್ಪ ದಿನದಲ್ಲೇ ನ್ಯೂ ಟೌನಿನ ಮಕ್ಕಳಿಗೆ ಸ್ಕೂಲಿಗೆ ಹಾಕೋ ಕಾಲುಚೀಲದ ಆರ್ಡರೂ ಬಂತು. ರೋಶನಕ್ಕ ಗೋಡೆ ತಟ್ಟಿ ನನ್ನನ್ನ ಕರೆಯೋಳು. "ಶಾಮಲಾ, ಈ ಹಿಮ್ಮಡಿ ನೋಡು, ಹೆಂಗೆ ಕೂತಿದೆ!" ನಾನು ಹಪ್ಪಳದ ಹಿಟ್ಟಿನ ಕೈಯಲ್ಲೇ ಹೋಗಿ ನೋಡಿ, "ದೃಷ್ಟಿ ಆಗುತ್ತೆ, ಮುಚ್ಚಿಡು" ಅಂತ ಬೈದು ಬರೋಳು.

ದೃಷ್ಟಿ ಆಯ್ತು. ಯಾರದ್ದು ಅಂತ ಹೇಳಲಿ?

ಇದ್ದತ್ ಮುಗೀತು. ಶ್ರೀನಿವಾಸಮೂರ್ತಿಗಳಿಗೆ ಬೀದರಿನ ಕಡೆಗೆ ವರ್ಗವಾಯ್ತು. ಮದರಾಸಿನ ಟೀಚರಮ್ಮನೂ ತನ್ನ ಊರಿಗೆ ಹೋಗಿದ್ದಳು. ಲಕ್ಷ್ಮೀಕಾಂತ ಅನ್ನೋ ಹೊಸ ಆಫೀಸರು ಬಂದ್ರು. ಒಂದು ಭಾನುವಾರ ಬೆಳಿಗ್ಗೆ ಜೀಪು ಸಂದಿಯ ಬಾಯಲ್ಲಿ ನಿಂತಿತು. ಲಕ್ಷ್ಮೀಕಾಂತ, ಜೊತೆಗೆ ಆ ಹೊರದೇಶದ ಗಂಡ ಹೆಂಡತಿ. ಮಿಷನ್ ಕೊಟ್ಟ ಹೆಂಗಸರು ಹೇಗಿದ್ದಾರೆ ಅಂತ ನೋಡೋದಕ್ಕೆ ಬಂದಿದ್ರು. ಆ ಹೆಂಗಸಿನ ಕೈಯಲ್ಲಿ ಅವರ ದೇಶದಲ್ಲಿ ಅಚ್ಚಾದ ಒಂದು ಪುಸ್ತಕ. ಅದರ ತುಂಬ ಫೋಟೋ. ದೊಡ್ಡ ಫೋಟೋ ಯಾರದ್ದು ಅಂತ ಬೇರೆ ಹೇಳಬೇಕಾ? ತಲೆ ಮೇಲೆ ಸೆರಗು, ಹಣೆ ಮೇಲೆ ಕುಂಕುಮ, ಕಣ್ಣಲ್ಲಿ ನೀರು, ಕೈಯಲ್ಲಿ ಮಿಷನ್. ಕೆಳಗೆ ಇಂಗ್ಲಿಷಿನಲ್ಲಿ ರೋಶನ್ ಬೀ ಅಂತ ಹೆಸರು.

ರೋಶನಕ್ಕ ಸಂಭ್ರಮದಿಂದ ಬಾಗಿಲು ತೆಗೆದಳು. ಗಂಡಸರು ಜಗಲಿ ಮೇಲೆ ನಿಂತ್ರು, ಆ ಹೆಂಗಸು ಒಳಗೆ ಬಂದಳು. ಬಂದವಳು ಮಿಷನ್ ನೋಡಿದಳು, ಪುಸ್ತಕ ನೋಡಿದಳು, ಇವಳ ಮುಖ ನೋಡಿದಳು. ಏನೋ ಕೇಳಿದಳು. ಲಕ್ಷ್ಮೀಕಾಂತ ಹೊರಗಡೆಯಿಂದ ಕನ್ನಡದಲ್ಲಿ ಹೇಳಿದ್ರು: "ರೋಶನ್ ಬೀ ಎಲ್ಲಿ ಅಂತ ಕೇಳ್ತಿದ್ದಾರೆ."

"ನಾನೇ" ಅಂದಳು ರೋಶನಕ್ಕ.

ಆ ಹೆಂಗಸು ತಲೆ ಅಲ್ಲಾಡಿಸಿ ಫೋಟೋ ಮೇಲೆ ಬೆರಳಿಟ್ಟಳು.

ನಾನು ನುಗ್ಗಿ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಗಂಡ ಸತ್ತದ್ದು, ಇದ್ದತ್, ಶ್ರೀನಿವಾಸಮೂರ್ತಿ, ಎಲ್ಲಾ. ಲಕ್ಷ್ಮೀಕಾಂತರ ಮುಖ ಕಪ್ಪಾಯ್ತು. ಅದನ್ನ ಆ ಗಂಡ ಹೆಂಡತಿಗೆ ಇಂಗ್ಲಿಷಿನಲ್ಲಿ ಹೇಳದೆ, "ಫೋಟೋದಲ್ಲಿರೋರನ್ನ ಕರೀರಿ" ಅಂದ್ರು.

ಸರಸ್ವತಿ ಬಂದಳು. ಹಿಂದೆಯೇ ತ್ರಿವಿಕ್ರಮ, ಅಂಗಿ ಗುಂಡಿ ಹಾಕ್ಕೊಳ್ತಾ. ಲಕ್ಷ್ಮೀಕಾಂತ ಕೇಳಿದ್ರು: "ಏನಮ್ಮ, ಇನ್ನೊಬ್ಬರ ಹೆಸರು ಹೇಳ್ಕೊಂಡು ಪರದೇಶದ ಅತಿಥಿಗಳ ಮುಂದೆ ನಿಂತೋರು ನೀವೇನಾ? ನಿಮ್ಮ ಯಜಮಾನ್ರು ಸರ್ಕಾರಿ ನೌಕರರಲ್ವಾ? ಇದು ಮೋಸ ಅಂತ ಬರೆದ್ರೆ ಏನಾಗುತ್ತೆ ಗೊತ್ತಾ?"

ಸರಸ್ವತಿ ಬಾಯಿ ತೆಗೆಯೋ ಮೊದಲೇ ತ್ರಿವಿಕ್ರಮ ಮುಂದೆ ಬಂದ. "ಮೋಸ ಏನಿಲ್ಲ ಸಾರ್. ಮಿಷನ್ ನಮ್ಮ ಮನೆಯವಳದ್ದೇ. ಇಬ್ಬರೂ ಒಟ್ಟಿಗೆ ತರಬೇತಿಗೆ ಹೋಗ್ತಿದ್ರು, ಬರೆಯೋರು ಹೆಸರು ಅದಲುಬದಲು ಮಾಡಿದ್ದಾರೆ. ಪಾಪ, ಪಕ್ಕದ ಮನೆಯವರು ಗಂಡ ಸತ್ತು ಕಷ್ಟದಲ್ಲಿದ್ದಾರೆ ಅಂತ ನಾವೇ ನಾಲ್ಕು ದಿನಕ್ಕೆ ಕೊಟ್ಟಿದ್ದು. ಕೇಳಿ ಬೇಕಾದ್ರೆ. ಹೇಳೇ ಸರಸ್ವತಿ."

ಸರಸ್ವತಿ ರೋಶನಕ್ಕನ ಕಡೆ ನೋಡಲಿಲ್ಲ. ನೆಲ ನೋಡ್ತಾ, "ಹೂಂ" ಅಂದಳು.

ಇಷ್ಟೇ. ಒಂದು ಹೂಂ.

ಲಕ್ಷ್ಮೀಕಾಂತ ತ್ರಿವಿಕ್ರಮನ ಮಾತನ್ನೇ ಅವರಿಗೆ ಇಂಗ್ಲಿಷಿನಲ್ಲಿ ಹೇಳಿದ್ರು. ನಾನು ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ನಾಲಿಗೆ ಸೇದಿಹೋಗ, ನಿನ್ನ ಮನೆ ಹಾಳಾಗ ಅಂತೆಲ್ಲ. "ಇಬ್ಬರನ್ನೂ ಮಿಷನ್ ಮುಂದೆ ಕೂರಿಸಿ, ಹಿಮ್ಮಡಿ ಯಾರು ತಿರುಗಿಸ್ತಾರೋ ನೋಡಿ" ಅಂತ ಕೂಗಿದೆ. ಆ ಮಾತು ಅದು ಹೇಗೋ ಆ ಹೆಂಗಸಿಗೆ ಗೊತ್ತಾಯ್ತು. ಸರಿ, ಮಾಡಿ ಅಂದಳು. ರೋಶನಕ್ಕ ಕೂತಳು. ಕಣ್ಣೀರು ಬೀಳ್ತಿದ್ರೂ ಕೈ ತಪ್ಪಲಿಲ್ಲ. ಹಿಂದೆ ಮುಂದೆ ಆಡಿಸಿ, ಸೂಜಿ ಎತ್ತಿ ಇಳಿಸಿ, ಹಿಮ್ಮಡಿ ಕೂರಿಸಿದಳು. ಆ ಹೆಂಗಸು ಚಪ್ಪಾಳೆ ತಟ್ಟಿದಳು! ಗೆದ್ದೆವು ಅಂದುಕೊಂಡೆ. ಲಕ್ಷ್ಮೀಕಾಂತ ಅವಳ ಮಾತನ್ನ ಕನ್ನಡಕ್ಕೆ ತಂದ್ರು: "ಬಹಳ ಚೆನ್ನಾಗಿ ಮಾಡ್ತಾರೆ. ಫೋಟೋದವರೇ ಇವರಿಗೆ ಕಲಿಸಿರಬೇಕು, ಅದು ತುಂಬ ಸಂತೋಷ ಅಂತಿದ್ದಾರೆ. ಆದ್ರೆ ಎರವಲು ಕೊಡೋದು ನಿಯಮಕ್ಕೆ ವಿರುದ್ಧ. ಮಿಷನ್ ಯಾರದ್ದೋ ಅವರ ಮನೇಲೇ ಇರಬೇಕು. ಮುಂದಿನ ಸಲ ಮಿಷನ್ ಬಂದಾಗ ಇವರಿಗೂ ಒಂದು ಖಂಡಿತ ಕೊಡೋಣ ಅಂತ."

ಆಮೇಲೆ ಸಂದಿಯ ಬಾಯಲ್ಲಿ ನಾನು ಲಕ್ಷ್ಮೀಕಾಂತರನ್ನ ಅಡ್ಡಗಟ್ಟಿದೆ. ಅವರು ಜೀಪಿನ ಕಡೆ ಒಂದು ಸಲ ನೋಡಿ ಮೆಲ್ಲಗೆ ಹೇಳಿದ್ರು: "ನೀವು ಹೇಳಿದ್ದು ನಿಜವೇ ಇರಬಹುದಮ್ಮ. ಆದ್ರೆ ನಮ್ಮ ಆಫೀಸಿನವರೇ ಸುಳ್ಳು ಹೆಂಗಸನ್ನ ನಿಲ್ಲಿಸಿದ್ರು ಅಂತ ಇವರಿಗೆ ಗೊತ್ತಾದ್ರೆ ಎಲ್ಲಾ ಮಿಷನ್ನೂ ವಾಪಸ್ ತರಿಸ್ಕೊಳ್ತಾರೆ. ಉಳಿದ ಹೆಂಗಸರ ಹೊಟ್ಟೆ ಮೇಲೂ ಹೊಡೆಯೋದಾ?" ಇದಕ್ಕೇನು ಹೇಳ್ತೀರಿ? ಶ್ರೀನಿವಾಸಮೂರ್ತಿಗಳಿಗೆ ಕಾಗದ ಬರೆಸಿದೆವು. ಉತ್ತರ ಬರಲಿಲ್ಲ.

ಅವತ್ತೇ ಜೀಪಿನಲ್ಲಿ ಬಂದಿದ್ದ ಜವಾನ ಮಿಷನ್ ಬಿಚ್ಚಿ ಎತ್ತಿಕೊಂಡು ಹೋದ. ಹೆಣೀತಾ ಇದ್ದ ಕಾಲುಚೀಲ ಅದರಲ್ಲೇ ಜೋತುಬಿದ್ದಿತ್ತು. ಹಾಜರಾ ಅವನ ಹಿಂದೆ ಓಡಿದಳು. "ನಮ್ಮದು ಅದು, ನಮ್ಮದು" ಅಂತ ಸರಸ್ವತಿಯ ಮನೆ ಬಾಗಿಲವರೆಗೂ ಕೂಗ್ತಾ ಹೋದಳು. ಬಾಗಿಲು ಹಾಕಿಕೊಂಡಿತು.

ಸರಸ್ವತಿ ಮಾರನೇ ದಿನ ನೀರಿಗೆ ಬಂದಾಗ ರೋಶನಕ್ಕನ ಕಾಲು ಹಿಡಿಯೋದಕ್ಕೆ ಬಂದಳು. "ಅವರ ಕೆಲಸ ಹೋಗ್ತಿತ್ತು ಅಕ್ಕ, ನಾನೇನು ಮಾಡ್ಲಿ" ಅಂತ ಅತ್ತಳು. ಯಾರಿಗೂ ಗೊತ್ತಾಗದ ಹಾಗೆ ತನ್ನ ಮನೆಗೇ ಬಂದು ಹೆಣಿ ಅಂದಳು. ಹೇಗೆ ಹೋಗ್ತಾಳೆ? ತ್ರಿವಿಕ್ರಮ ಇವಳ ನೆರಳು ಕಂಡರೆ ಬೆವರೋನು, ಯಾವ ಗಳಿಗೆಯಲ್ಲಿ ಜೀಪು ಬರುತ್ತೋ ಅಂತ. ಅಲ್ಲಿಗೆ ಹೋದಳು ಅಂತ ಗೊತ್ತಾದ್ರೆ ಹುಸೇನ್ ಸಾಹೇಬ್ರು ಅವತ್ತೇ ಮಗು ಕರ್ಕೊಂಡು ಹೋಗೋರು. ರೋಶನಕ್ಕ ಬೈಯಲಿಲ್ಲ. "ಹೋಗು ಸರಸೂ. ನಿನ್ನ ಗಂಡ ನಿನಗೆ ಇದ್ದಾನೆ, ಕಾಪಾಡ್ಕೋ" ಅಂದಳು. ನಾನಾಗಿದ್ರೆ ಕೊಡದಲ್ಲೇ ಹೊಡೀತಿದ್ದೆ.

ಹುಸೇನ್ ಸಾಹೇಬ್ರು ಎಲ್ಲಾ ಕೇಳಿಸಿಕೊಂಡ್ರು. "ಮುಂದಿನ ಮಿಷನ್ ಬರೋವರೆಗೂ ಕಾಯ್ತೀನಿ" ಅಂದ್ರು. ಅಲ್ಲಿವರೆಗೆ ಮನೆಗೆ ಅಕ್ಕಿಬೇಳೆ ಅವರೇ ಕಳಿಸಿದ್ರು. ರೋಶನಕ್ಕ ಮತ್ತೆ ಸೈಕಲ್ ಕಡ್ಡಿ ಹಿಡಿದಳು. ಆದರೆ ಸ್ಕೂಲಿನವರಿಗೆ ಎಲ್ಲಾ ಒಂದೇ ಥರ ಬೇಕು, ಬೇಗ ಬೇಕು. ಕೈಯಲ್ಲಿ ಹೆಣೆದದ್ದು ಬೇಡ ಅಂದ್ರು. ಆ ಆರ್ಡರು ಸರಸ್ವತಿಯ ಮನೆಗೆ ಹೋಯ್ತು. ಹಿಮ್ಮಡಿ ಬಾರದೆ ಅಲ್ಲಿಂದಲೂ ತಪ್ಪಿಹೋಯ್ತು. ಅವಳು ಮಿಷನ್ ಮೇಲೆ ಹಳೇ ಸೀರೆ ಮುಚ್ಚಿಟ್ಟಳು.

ಜೀಪಿನ ಸದ್ದು ಕೇಳಿದಾಗಲೆಲ್ಲ ರೋಶನಕ್ಕ ಬಾಗಿಲಿಗೆ ಬರೋಳು. ಬೇಸಿಗೆ ಹೋಯ್ತು, ಮಳೆಗಾಲ ಹೋಯ್ತು. ಅರವತ್ತೈದರಲ್ಲಿ ಯುದ್ಧ ಶುರುವಾಯ್ತು. ಯಾವ ದೇಶ ಯಾರ ಮೇಲೆ ಮುನಿಸಿಕೊಂಡಿತೋ, ಬರಬೇಕಾದ ಸಹಾಯವೆಲ್ಲ ನಿಂತಿತು ಅಂದ್ರು. ನಾನೇ ಆಫೀಸಿಗೆ ಹೋಗಿ ಕೇಳಿದೆ. ಲಕ್ಷ್ಮೀಕಾಂತರು ಕೂತಲ್ಲಿಂದಲೇ ಕೈ ಅಲ್ಲಾಡಿಸಿದ್ರು. "ಇನ್ನು ಯಾವ ಮಿಷನ್ನೂ ಬರಲ್ಲಮ್ಮ. ಯೋಜನೆಯೇ ಮುಚ್ಚಿಹೋಯ್ತು." ಎಲ್ಲೋ ಕಾಣದ ಊರಿನ ಜಗಳಕ್ಕೆ ನಮ್ಮ ಸಂದಿಯ ಮಗು ಅಮ್ಮನ್ನ ಬಿಟ್ಟು ಹೋಗಬೇಕಾಯ್ತು. ಇದನ್ನ ಯಾರ ಹತ್ರ ಹೇಳ್ಕೊಳ್ಳೋದು?

ಹುಸೇನ್ ಸಾಹೇಬ್ರು ಹಾಜರಾಳನ್ನ ಕರ್ಕೊಂಡು ಹೋಗೋದಕ್ಕೆ ಬಂದ ದಿನ ಅವಳು ಅದೇ ನೀಲಿ ಪಟ್ಟೆ ಕಾಲುಚೀಲ ಹಾಕ್ಕೊಂಡಿದ್ದಳು. ಬೆರಳು ಒತ್ತಿ ಚಿಕ್ಕದಾಗಿತ್ತು, ಆದ್ರೂ ಅದೇ ಬೇಕು ಅಂತ ಹಟ. ರೋಶನಕ್ಕ ಮೊಣಕಾಲೂರಿ ಕೂತು ಚೀಲ ಮೇಲಕ್ಕೆ ಎಳೆದಳು. ಅದು ಜಾರಿತು, ಮತ್ತೆ ಎಳೆದಳು. ಹುಸೇನ್ ಸಾಹೇಬ್ರು ಮುಖ ಆಚೆ ತಿರುಗಿಸಿ ನಿಂತ್ರು. "ಅಮ್ಮೀ, ಮಿಷನ್ ಬಂದ ತಕ್ಷಣ ಬರ್ತೀನಿ, ಆಯ್ತಾ?" ಅಂದಳು ಹಾಜರಾ. "ಆಯ್ತು ಕಂದ" ಅಂದಳು ಇವಳು. ಜಟಕಾ ತಿರುಗಿದ ಮೇಲೆ ರೋಶನಕ್ಕ ಕೂಗಿದ ಕೂಗು ನಮ್ಮ ಗೋಡೆಯಲ್ಲಿ ಈಗಲೂ ಇದೆ ಅಂತ ನನಗನ್ನಿಸುತ್ತೆ. ಗಂಡ ಸತ್ತಾಗ ಅಳದವಳು, ಅವತ್ತು ಎರಡೂ ಸೇರಿಸಿ ಅತ್ತಳು.

ಆಮೇಲೆ ಅವಳು ಭದ್ರಾವತಿಗೆ ಅಣ್ಣನ ಮನೆಗೆ ಹೋದಳು. ಅಲ್ಲಿ ಅತ್ತಿಗೆ ಮುಖ ಗಂಟು. ನಾಲ್ಕು ಕಾಸು ತಂದುಕೊಡ್ಲಿ ಅಂತ ಅಣ್ಣನೇ ಅವಳನ್ನ ಕೆಲಸಕ್ಕೆ ಸೇರಿಸಿದ. ಕೆಲಸ ಎಲ್ಲಿ ಅಂತೀರಿ? ನ್ಯೂ ಟೌನಿನಲ್ಲಿ ಅವಳು ತರಬೇತಿ ತಗೊಂಡಿದ್ದ ಅದೇ ಕಟ್ಟಡ. ಈಗ ಅಲ್ಲಿ ಹೆಂಗಸರ ಸಂಘದವರು ಹೊಲಿಗೆ ಕ್ಲಾಸು ನಡೆಸ್ತಾರೆ. ಇವಳು ಕಸ ಗುಡಿಸಬೇಕು, ನೀರು ತುಂಬಿಸಬೇಕು. ಇನ್ನೊಬ್ಬರ ಬಾಗಿಲಲ್ಲಿ ಕೂಲಿ. ಹುಸೇನ್ ಸಾಹೇಬ್ರಿಗೆ ಗೊತ್ತಾದಾಗ ಏನೂ ಅನ್ನಲಿಲ್ಲ. ಅನ್ನೋದಕ್ಕೆ ಇನ್ನೇನು ಉಳಿದಿತ್ತು? ಹಬ್ಬಕ್ಕೆ ಒಂದು ಸಲ ಹಾಜರಾಳನ್ನ ಕರ್ಕೊಂಡು ಬಂದು ತೋರಿಸ್ತಾರೆ. ಹಾಜರಾ ಈಗ ದೊಡ್ಡಮ್ಮನ್ನೇ ಅಮ್ಮಿ ಅಂತಾಳೆ. ಇವಳು ಭದ್ರಾವತಿ ಅಮ್ಮಿ.

ಎರಡು ವರ್ಷದ ಹಿಂದೆ ಸರಸ್ವತಿ ಮಿಷನ್ನನ್ನ ಗೋಣಿಚೀಲದಲ್ಲಿ ಸುತ್ತಿಕೊಂಡು ನನ್ನನ್ನ ಜೊತೆಗೆ ಬಾ ಅಂತ ಕಾಡಿದಳು. ಇಬ್ಬರೂ ರೈಲಿನಲ್ಲಿ ಭದ್ರಾವತಿಗೆ, ರೋಶನಕ್ಕನ ಅಣ್ಣನ ಮನೆಗೆ ಹೋದೆವು. ದಾರಿಯಲ್ಲಿ ನಾನು ಅವಳ ಹತ್ರ ಒಂದು ಮಾತೂ ಆಡಲಿಲ್ಲ. "ಈಗ ಯಾರೂ ಕೇಳೋರಿಲ್ಲ ಅಕ್ಕ. ನಿನ್ನದು, ನೀನೇ ಇಟ್ಕೋ" ಅಂತ ಅವಳು ಅದನ್ನ ರೋಶನಕ್ಕನ ಮುಂದೆ ಇಟ್ಟಳು. ಸೂಜಿಗಳು ತುಕ್ಕು ಹಿಡಿದು ಅರ್ಧಕ್ಕರ್ಧ ಮುರಿದಿದ್ವು. ಆ ಸೂಜಿ ಈ ದೇಶದಲ್ಲೆಲ್ಲೂ ಸಿಗೋದಿಲ್ಲ. ರೋಶನಕ್ಕ ಹಿಡಿಯನ್ನ ಒಂದು ಸಲ ಮುಟ್ಟಿದಳು. "ತಗೊಂಡು ಹೋಗು ಸರಸೂ. ಯಾರ ಕಾಲಿಗೆ ಹೆಣೀಲಿ?" ಅಂದಳು.

ಮೊನ್ನೆ ಮತ್ತೆ ನೋಡಿಬರೋಣ ಅಂತ ಒಬ್ಬಳೇ ಅವಳು ಕೆಲಸ ಮಾಡೋ ಕಟ್ಟಡಕ್ಕೇ ಹೋಗಿದ್ದೆ. ಕ್ಲಾಸಿನಲ್ಲಿ ಹೊಸ ಹುಡುಗಿಯರು ಕೂತು ಹೊಲೀತಿದ್ರು. ರೋಶನಕ್ಕ ಪೊರಕೆ ಹಿಡಿದು ಮೂಲೆ ಗುಡಿಸ್ತಿದ್ದಳು. ತಲೆ ಎತ್ತಿ ನೋಡ್ತೀನಿ, ಎದುರು ಗೋಡೆ ಮೇಲೆ ಕಟ್ಟು ಹಾಕಿಸಿದ ದೊಡ್ಡ ಫೋಟೋ. ಸೆರಗು, ಕುಂಕುಮ, ಕಣ್ಣೀರು, ಮಿಷನ್ನು. ಕೆಳಗೆ ಈಗ ಕನ್ನಡದಲ್ಲೂ ಬರೆಸಿದ್ದಾರೆ: ರೋಶನ್ ಬೀ, ಶಿವಮೊಗ್ಗ. ದಿನಾ ಬೆಳಿಗ್ಗೆ ಇದರ ಧೂಳು ಒರೆಸೋಳೂ ಇವಳೇ.

ಒಬ್ಬ ಹುಡುಗಿ ದಾರ ಪೋಣಿಸ್ತಾ ಕೇಳಿದಳು, "ಆಯಾ, ಈ ರೋಶನ್ ಬೀ ಅಂದ್ರೆ ಯಾರು? ನಿಮಗೆ ಗೊತ್ತಾ?"

ನಾನು ಬಾಯಿ ತೆಗೆದೆ. ರೋಶನಕ್ಕ ಬೇಡ ಅಂತ ಕಣ್ಣಲ್ಲೇ ಹೇಳಿದಳು. ಪೊರಕೆ ಗೋಡೆಗೆ ಒರಗಿಸಿ ಫೋಟೋ ಕಡೆ ನೋಡಿದಳು.

"ಗೊತ್ತು ಕಂದ. ನಮ್ಮ ಪಕ್ಕದ ಮನೆಯವಳೇ. ಗಂಡ ಸತ್ತು ಬಹಳ ಕಷ್ಟ ಇತ್ತು ಪಾಪ. ಆಮೇಲೆ ಈ ಮಿಷನ್ ಬಂತು ನೋಡು. ಈಗ ಸುಖವಾಗಿದ್ದಾಳೆ. ಸ್ವಂತ ದುಡಿಮೆ. ಮಗಳನ್ನ ಒಂದು ದಿನ ಬಿಟ್ಟಿಲ್ಲ, ಜೊತೆಗೇ ಇಟ್ಕೊಂಡಿದ್ದಾಳೆ" ಅಂದಳು.